ಹಳೆಯ ಮಾಜ್ದಾಗೆ ಬೇರೆ ಅಲಾಯ್: ಸ್ಪೇಸರ್ ಬೇಕಾ, ಬೇಡ್ವಾ?

ಪ್ರಶ್ನೆ: ನಾನು ವಿಜಯಪುರದವನು. ಕೆಲಸಕ್ಕೆಂದು ಬಂದು ಪುಣೆಯ ನಿಗಡಿಯಲ್ಲಿ ನೆಲೆಸಿದ್ದೇನೆ. ನನ್ನ ಹತ್ತಿರ 1991ರ ಮಾಜ್ದಾ ಎಂಎಕ್ಸ್-5 ಇದೆ, 1.6 ಲೀಟರ್ ಎಂಜಿನ್. ಅದರ 14 ಇಂಚಿನ ಒರಿಜಿನಲ್ ವೀಲ್‌ಗಳಲ್ಲಿ ಎರಡು ಬೆಂಡ್ ಆಗಿವೆ. ಮುಂಬೈಗೆ ಹೋದಾಗ ಕುರ್ಲಾದ ಸಿಎಸ್‌ಟಿ ರೋಡಿನಿಂದ 15 ಇಂಚಿನ ಹಳೆಯ ಅಲಾಯ್ ಸೆಟ್ ತಂದೆ. ಒಳಗಡೆ 15×7ಜೆ, ಇಟಿ38, 4×100 ಅಂತ ಅಚ್ಚಿದೆ. ಮಧ್ಯದ ತೂತು 73.1 ಮಿ.ಮೀ. ಅಂಗಡಿಯವರು ಜೊತೆಗೆ ವೀಲ್‌ನ ಹಿಂದೆ ಇಟ್ಟು ಅದನ್ನು ಹೊರಕ್ಕೆ ತಳ್ಳುವ, 15 ಮಿ.ಮೀ. ದಪ್ಪದ ಸ್ಪೇಸರ್ ಪ್ಲೇಟುಗಳನ್ನೂ ಕೊಟ್ಟು, ‘ಹಾಕಿ ಸರ್, ಗಾಡಿ ಅಗಲ ಕಾಣುತ್ತೆ, ತಿರುವಿನಲ್ಲಿ ಗಟ್ಟಿ ನಿಲ್ಲುತ್ತೆ’ ಅಂದರು. ನಮ್ಮ ಟಯರ್ ಅಂಗಡಿಯವನು 195/55 ಆರ್15 ಅಥವಾ 185/65 ಆರ್15 ಹಾಕೋಣ, ನಟ್‌ಗಳಿಗೆ ಸ್ವಿಫ್ಟ್ ಕಾರಿನವು ಸರಿಹೋಗುತ್ತವೆ ಅಂತಾನೆ. ಊರಿಗೆ ಹೋಗಿಬರುವುದು, ಮಳೆ ನಿಂತ ಮೇಲೆ ಗೋವಾ, ಇಷ್ಟೇ ನನ್ನ ಓಡಾಟ. ಏನು ಮಾಡಲಿ?

ಉತ್ತರ: ಮೊದಲು ತೀರ್ಪು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಅಲಾಯ್ ಇಟ್ಟುಕೊಳ್ಳಿ, ಆದರೆ ಹಾಕುವ ಮುಂಚೆ ಪರೀಕ್ಷೆ ಮಾಡಿಸಿ. ಸ್ಪೇಸರ್ ವಾಪಸ್ ಕೊಟ್ಟುಬಿಡಿ, ತಗೊಳ್ಳದಿದ್ದರೆ ಅಟ್ಟಕ್ಕೆ ಹಾಕಿ. 185/65 ಟಯರ್ ಬೇಡವೇ ಬೇಡ. ಸ್ವಿಫ್ಟ್ ನಟ್ ಅಂತೂ ಮುಟ್ಟಲೇಬೇಡಿ.

ನಟ್‌ನಿಂದಲೇ ಶುರು ಮಾಡೋಣ. ಉಳಿದದ್ದು ತಪ್ಪಿದರೆ ದುಡ್ಡು ಹೋಗುತ್ತದೆ, ಇದು ತಪ್ಪಿದರೆ ವೀಲೇ ಕಳಚಿ ಹೋಗುತ್ತದೆ. ಅಂಗಡಿಯವನಿಗೆ ಯಾಕೆ ಹಾಗನ್ನಿಸಿತು ಅಂತ ಗೊತ್ತಾಗುತ್ತದೆ. ನಿಮ್ಮ ಮಾಜ್ದಾದ ಪಿಸಿಡಿ 4×100. ಅಂದರೆ ವೀಲ್ ಸಿಕ್ಕಿಸಿ ನಟ್ ಬಿಗಿಯುವ ನಾಲ್ಕು ಸ್ಟಡ್‌ಗಳಲ್ಲಿ ಎದುರುಬದುರು ಇರುವ ಎರಡರ ನಡುವೆ, ನಟ್ಟನಡುವಿನಿಂದ ನಟ್ಟನಡುವಿಗೆ, 100 ಮಿ.ಮೀ. ನಮ್ಮ ರಸ್ತೆಯ ಸ್ವಿಫ್ಟ್, ಐ20, ಹೊಂಡಾ ಸಿಟಿ ಎಲ್ಲ ಇದೇ 4×100. ಸ್ವಿಫ್ಟ್‌ನ ಹಬ್ಬಿನ (ವೀಲ್ ಒತ್ತಿ ಕೂರುವ ಭಾಗ) ಮಧ್ಯದ ಉಬ್ಬಿನ ಅಳತೆಯೂ ನಿಮ್ಮದರಂತೆ 54.1 ಮಿ.ಮೀ. ಹಾಗಾಗಿ ಆ ವೀಲ್ ಇದಕ್ಕೆ ಸಲೀಸಾಗಿ ಕೂರುತ್ತದೆ. ಆದರೆ ಸ್ಟಡ್‌ನ ಥ್ರೆಡ್ ಬೇರೆ. ಎರಡೂ 12 ಮಿ.ಮೀ. ಸ್ಟಡ್‌ಗಳೇ. ಸುಜುಕಿಯದು 1.25 ಪಿಚ್ (ಥ್ರೆಡ್‌ನ ಒಂದು ಸುತ್ತಿನಿಂದ ಇನ್ನೊಂದಕ್ಕೆ ಇರುವ ಅಂತರ, ಮಿ.ಮೀ.ಗಳಲ್ಲಿ), ಮಾಜ್ದಾದು 1.5. ಕಣ್ಣಿಗೆ ಒಂದೇ ಥರ ಕಾಣುತ್ತವೆ. ಕೈಯಲ್ಲಿ ತಿರುಗಿಸಿದರೆ ಸ್ವಿಫ್ಟ್ ನಟ್ ಒಂದೆರಡು ಸುತ್ತು ಹೋಗಿ ಬಿಗಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಿದರೆ ಏನೂ ಆಗಲ್ಲ. ಆದರೆ ಅಂಗಡಿಯ ಹುಡುಗ ಗಾಳಿಯ ಗನ್ ಹಿಡಿದಿರುತ್ತಾನೆ ಅಲ್ವಾ? ‘ಟರ್ರ್’ ಅಂತ ಒಂದು ಸದ್ದು, ನಟ್ ಒಳಗೆ. ಅವನಿಗೆ ಟೈಟ್ ಆದಂತೆ ಕಾಣುತ್ತದೆ. ನಿಜವಾಗಿ ಸ್ಟಡ್‌ನ ಥ್ರೆಡ್ಡನ್ನೇ ಕೆತ್ತಿಹಾಕಿರುತ್ತದೆ. ಅದು ಯಾವ ಕಿಲೋಮೀಟರಿನಲ್ಲಿ ಬಿಡುತ್ತದೆ ಅಂತ ಯಾರೂ ಹೇಳಲಾರರು. ಹೊಂಡಾ ಮತ್ತು ಹ್ಯುಂಡೈಗಳದ್ದು 1.5 ಪಿಚ್, ಥ್ರೆಡ್ ಕೂಡುತ್ತದೆ. ಅಲ್ಲೂ ಒಂದು ತೊಡಕಿದೆ. ಹೊಂಡಾದ ಒರಿಜಿನಲ್ ನಟ್‌ನ ಬುಡ ಗುಂಡಗಿರುತ್ತದೆ. ಹೊರಗಡೆ ಸಿಗುವ ಹೆಚ್ಚಿನ ಅಲಾಯ್‌ಗಳಿಗೆ 60 ಡಿಗ್ರಿಯ ಕೋನ್ ಬುಡದ ನಟ್ ಬೇಕು. ಗುಂಡು ಬುಡವನ್ನು ಕೋನ್ ತೂತಿಗೆ ಹಾಕಿದರೆ ಒಂದು ಸಣ್ಣ ಗೆರೆಯಷ್ಟೇ ತಾಗಿ ನಿಲ್ಲುತ್ತದೆ, ಓಡುತ್ತಾ ಓಡುತ್ತಾ ಸಡಿಲವಾಗುತ್ತದೆ.

ಹಾಗಾಗಿ ನೀವು ಕೇಳಬೇಕಾದದ್ದು: 12×1.5, 60 ಡಿಗ್ರಿ ಕೋನ್, ಹದಿನಾರು ನಟ್. ನಾನಾ ಪೇಠೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ವಿಚಾರಿಸಿ, ಅಪರೂಪದ ಮಾಲೇನಲ್ಲ. ಪ್ರತಿಯೊಂದನ್ನೂ ಬರಿಗೈಯಲ್ಲೇ ಕೊನೆತನಕ ತಿರುಗಿಸಿ ನೋಡಿ. ನಡುವೆ ಸಿಕ್ಕಿಕೊಂಡರೆ ಆ ನಟ್ ಬೇಡ, ಇಲ್ಲವೇ ಆ ಸ್ಟಡ್ ಹೋಗಿದೆ ಅಂತ ಲೆಕ್ಕ.

ಈಗ ಸ್ಪೇಸರ್ ವಿಷಯ. ಇದು ಅಭಿಪ್ರಾಯದ ಮಾತಲ್ಲ, ಲೆಕ್ಕದ ಮಾತು. ಲೆಕ್ಕವೂ ಐದನೇ ಕ್ಲಾಸಿನದು.

ವೀಲ್‌ನ ಅಗಲದ ನಡುಗೆರೆಗೂ, ಹಬ್ಬಿಗೆ ಒತ್ತಿ ಕೂರುವ ಮುಖಕ್ಕೂ ಇರುವ ಅಂತರವೇ ಆಫ್‌ಸೆಟ್. ಅದನ್ನೇ ಇಟಿ ಅಂತ ಅಚ್ಚು ಹಾಕಿರುತ್ತಾರೆ. ಇಟಿ ಜಾಸ್ತಿ ಇದ್ದಷ್ಟೂ ವೀಲ್ ಒಳಗೆ ಹೋಗುತ್ತದೆ, ಕಡಿಮೆ ಇದ್ದಷ್ಟೂ ಹೊರಗೆ ಬರುತ್ತದೆ. ನಿಮ್ಮ ಕಾರಿನ ಒರಿಜಿನಲ್ ವೀಲ್ 14×5.5ಜೆ, ಇಟಿ45. ಅಗಲ ಐದೂವರೆ ಇಂಚು, ಅದರ ಅರ್ಧ ಸುಮಾರು 70 ಮಿ.ಮೀ. ಅದರಲ್ಲಿ 45 ಕಳೆದರೆ 25. ಅಂದರೆ ವೀಲ್‌ನ ಹೊರ ಅಂಚು ಹಬ್ಬಿನ ಮುಖದಿಂದ 25 ಮಿ.ಮೀ. ಹೊರಗಿದೆ. 70ಕ್ಕೆ 45 ಕೂಡಿದರೆ 115. ಒಳ ಅಂಚು 115 ಮಿ.ಮೀ. ಒಳಗಿದೆ.

ನೀವು ತಂದಿರುವುದು 7ಜೆ, ಇಟಿ38. ಏಳು ಇಂಚಿನ ಅರ್ಧ 89. ಹೊರಗೆ 51, ಒಳಗೆ 127. ಹಳೆಯದಕ್ಕಿಂತ ಹೊರಕ್ಕೆ 26 ಮಿ.ಮೀ., ಒಳಕ್ಕೆ 12 ಮಿ.ಮೀ. ನೋಡಿದಿರಾ? ಸ್ಪೇಸರ್ ಇಲ್ಲದೆಯೇ ವೀಲ್ ಒಂದು ಇಂಚು ಹೊರಗೆ ಬಂದಾಯಿತು. ನಿಮಗೆ ಬೇಕಾದ ‘ಅಗಲ’ ಆಗಲೇ ಸಿಕ್ಕಿದೆ. ಒಳಗಡೆ ಕೂಡ ಆ 12 ಮಿ.ಮೀ.ಗೆ ಈ ಕಾರಿನಲ್ಲಿ ಜಾಗವಿದೆ. 7ಜೆ, ಇಟಿ35ರಿಂದ 40ರ ಆಸುಪಾಸು ಅನ್ನುವುದು ಈ ಮೊದಲ ತಲೆಮಾರಿನ ಎಂಎಕ್ಸ್-5ಗೆ ಜಗತ್ತಿನ ಎಲ್ಲ ಕಡೆ ಜನ ಆರಾಮಾಗಿ ಹಾಕುವ ಅಳತೆ. ಗೊತ್ತಿದ್ದೋ ಗೊತ್ತಿಲ್ಲದೆಯೋ ನೀವು ಸರಿಯಾದ ಸೆಟ್ಟನ್ನೇ ತಂದಿದ್ದೀರಿ.

ಅದರ ಮೇಲೆ 15 ಮಿ.ಮೀ. ಸ್ಪೇಸರ್ ಹಾಕಿದರೆ ಇಟಿ38 ಹೋಗಿ ಇಟಿ23 ಆಗುತ್ತದೆ. ಹೊರ ಅಂಚು ಹಳೆಯದಕ್ಕಿಂತ 41 ಮಿ.ಮೀ. ಹೊರಗೆ. ಗಾಡಿ ನಿಂತಾಗ ಮಡ್‌ಗಾರ್ಡಿನ ಅಂಚಿಗೆ ಸರಿಯಾಗಿ ನಿಂತು ಚೆಂದ ಕಾಣಬಹುದು, ಅದನ್ನು ನಾನು ಅಲ್ಲಗಳೆಯಲ್ಲ. ಆದರೆ ಇಬ್ಬರು ಕೂತು, ಡಿಕ್ಕಿಯಲ್ಲಿ ಗೋವಾಗೆ ಒಯ್ಯುವ ಬ್ಯಾಗು ತುಂಬಿ, ಖಂಬಾಟ್ಕಿ ಘಾಟಿನಲ್ಲಿ ಒಂದು ಗುಂಡಿಗೆ ಇಳಿದಾಗ ಸಸ್ಪೆನ್ಷನ್ ಪೂರ್ತಿ ಕುಗ್ಗುತ್ತದೆ. ಆಗ ಟಯರಿನ ಭುಜ ಮಡ್‌ಗಾರ್ಡಿನ ಒಳತುಟಿಗೆ ಸಿಗುತ್ತದೆ. ಆ ತುಟಿ ತಗಡಿನ ಅಂಚು, ಟಯರ್ ಕೊಯ್ಯುತ್ತದೆ. ಮೂವತ್ತು ವರ್ಷ ದಾಟಿದ ಕಾರಿನ ಸ್ಪ್ರಿಂಗ್ ಆಗಲೇ ಸ್ವಲ್ಪ ಕುಸಿದಿರುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಅಂಗಡಿಯವರು ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಎಡ ಬಲ ವೀಲ್‌ಗಳ ನಡುವಿನ ಅಂತರ ಹೆಚ್ಚಾದರೆ ತಿರುವಿನಲ್ಲಿ ತೂಕ ಹೊರಬದಿಗೆ ವಾಲುವುದು ಕಡಿಮೆಯಾಗುತ್ತದೆ. ಎಷ್ಟು ಕಡಿಮೆ? ಈ ಕಾರಿನಲ್ಲಿ ಆ ಅಂತರ ಸುಮಾರು 1.4 ಮೀಟರ್. ಎರಡೂ ಬದಿ 15 ಮಿ.ಮೀ. ಸೇರಿದರೆ 30 ಮಿ.ಮೀ. ಶೇಕಡಾ ಎರಡರಷ್ಟು. ಒಳ್ಳೆಯ ಟಯರ್ ಹಾಕಿದರೆ ಇದರ ಎಷ್ಟೋ ಪಾಲು ಲಾಭ ಸಿಗುತ್ತದೆ. ಇತ್ತ ನಷ್ಟದ ಕಡೆ ನೋಡಿ. ನೆಲದ ಒತ್ತು ಬೇರಿಂಗಿನಿಂದ ದೂರ ಸರಿಯುತ್ತದೆ. ಚೀಲವನ್ನು ಎದೆಗೆ ಒತ್ತಿ ಹಿಡಿಯುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸ ಅದು, ಬೇರಿಂಗ್ ಬೇಗ ಸವೆಯುತ್ತದೆ. ಅದಕ್ಕಿಂತ ನಿಮಗೆ ತಕ್ಷಣ ಗೊತ್ತಾಗುವುದು ಸ್ಟೀರಿಂಗಿನಲ್ಲಿ. ಸ್ಟೀರಿಂಗ್ ತಿರುಗುವ ಗೆರೆ ನೆಲಕ್ಕೆ ತಾಗುವ ಜಾಗಕ್ಕೂ ಟಯರಿನ ನಡುವಿಗೂ ಇರುವ ಅಂತರವನ್ನು ಮಾಜ್ದಾದ ಎಂಜಿನಿಯರುಗಳು ಅಳೆದು ತೂಗಿ ಇಟ್ಟಿದ್ದಾರೆ. ಸ್ಪೇಸರ್ ಅದನ್ನು ಉದ್ದ ಮಾಡುತ್ತದೆ. ಒಂದು ಬದಿಯ ವೀಲ್ ಗುಂಡಿಗೆ ಬಿದ್ದರೆ ಕೈಯಿಂದ ಸ್ಟೀರಿಂಗ್ ಕಿತ್ತುಕೊಂಡಂತೆ ಆಗುತ್ತದೆ. ಮಳೆಯಲ್ಲಿ ಒಂದು ವೀಲ್ ನೀರಿನ ಮೇಲೆ, ಇನ್ನೊಂದು ಒಣ ಡಾಂಬರಿನ ಮೇಲೆ ಇದ್ದಾಗ ಬ್ರೇಕ್ ಒತ್ತಿದರೆ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ನಿಮ್ಮ ಕಾರಿಗೆ ಪವರ್ ಸ್ಟೀರಿಂಗ್ ಇಲ್ಲದಿದ್ದರೆ ಇದು ಇನ್ನೂ ಜಾಸ್ತಿ. ಈ ಕಾರಿನ ಸುಖವೇ ಅದರ ಸ್ಟೀರಿಂಗ್. ಅದನ್ನು ಕೆಡಿಸಿಕೊಂಡು ಅಗಲ ಕಾಣಿಸಿ ಏನು ಬಂತು?

ಇಷ್ಟೆಲ್ಲ ಸ್ಪೇಸರ್ ಒಳ್ಳೆಯದೇ ಇದ್ದಾಗಿನ ಕತೆ. ನೀವು ಪ್ಲೇಟ್ ಅಂದಿದ್ದೀರಿ. ಅಂದರೆ ಸ್ಟಡ್ ಮೇಲೆ ಸುಮ್ನೆ ತೂರಿಸಿ ಅದರ ಮೇಲೆ ವೀಲ್ ಇಟ್ಟು ಬಿಗಿಯುವ ನಮೂನೆ. ಹಲವು ಪಿಸಿಡಿಗೆ ಆಗಲಿ ಅಂತ ಉದ್ದುದ್ದ ತೂತು ಕೊರೆದದ್ದಾಗಿದ್ದರೆ ಇನ್ನೂ ಕೆಟ್ಟದ್ದು. 15 ಮಿ.ಮೀ. ಪ್ಲೇಟ್ ಹಾಕಿದರೆ ಸ್ಟಡ್‌ನ ಅಷ್ಟು ಉದ್ದ ಅದರಲ್ಲೇ ಮುಳುಗುತ್ತದೆ. ಅಲಾಯ್‌ನ ದಪ್ಪವೂ ಕಳೆದರೆ ನಟ್ ಹಿಡಿಯಲು ಉಳಿಯುವುದೇನು? ಸ್ಟಡ್ ಎಷ್ಟು ದಪ್ಪವೋ ಕನಿಷ್ಠ ಅಷ್ಟು ಉದ್ದ ನಟ್‌ನೊಳಗೆ ಇರಬೇಕು ಅನ್ನುವುದು ಎಲ್ಲರೂ ಪಾಲಿಸುವ ಲೆಕ್ಕ. 12 ಮಿ.ಮೀ. ಸ್ಟಡ್, 1.5 ಪಿಚ್, ಅಂದರೆ ಎಂಟು ಪೂರ್ತಿ ಸುತ್ತು. ನಂಬಿಕೆ ಬರದಿದ್ದರೆ ಪ್ಲೇಟ್ ಹಾಕಿ, ವೀಲ್ ಇಟ್ಟು, ನಟ್ ತಿರುಗಿಸಿ ಎಣಿಸಿ ನೋಡಿ. ಎಣಿಸಿದ ಮೇಲೆ ನೀವೇ ಅದನ್ನು ಬಿಚ್ಚಿಡುತ್ತೀರಿ.

ಸ್ಪೇಸರ್ ಅಂದರೆ ಕೆಟ್ಟ ಮಾಲು ಅಂತ ನಾನು ಹೇಳುತ್ತಿಲ್ಲ. ಪೋರ್ಷೆ ಕಂಪನಿಯೇ ತನ್ನ ಕೆಲವು ಕಾರುಗಳಿಗೆ 5 ಮಿ.ಮೀ. ಸ್ಪೇಸರನ್ನು ಉದ್ದನೆಯ ಬೋಲ್ಟ್‌ಗಳ ಸಮೇತ ಕೊಡುತ್ತಿತ್ತು. ಅದಕ್ಕೊಂದು ಕೆಲಸ ಇರಬೇಕು ಅಷ್ಟೆ. ಉದಾಹರಣೆಗೆ ನೀವು 7ಜೆ, ಇಟಿ50 ಇರುವ ವೀಲ್ ತಂದಿದ್ದರೆ ಒಳ ಅಂಚು 139ಕ್ಕೆ ಹೋಗುತ್ತಿತ್ತು, ಒರಿಜಿನಲ್‌ಗಿಂತ 24 ಮಿ.ಮೀ. ಒಳಗೆ. ಆಗ ಸಸ್ಪೆನ್ಷನ್ನಿಗೆ ತಾಗುತ್ತದೆ, 10 ಅಥವಾ 12 ಮಿ.ಮೀ. ಸ್ಪೇಸರ್ ನ್ಯಾಯವಾಗಿಯೇ ಬೇಕಾಗುತ್ತದೆ. ಬ್ರೇಕ್ ಕ್ಯಾಲಿಪರ್ ವೀಲ್‌ನ ಕಡ್ಡಿಗೆ ಉಜ್ಜುತ್ತಿದ್ದರೆ 3 ಅಥವಾ 5 ಮಿ.ಮೀ. ಹಾಕಬಹುದು. ಆಗಲೂ ಸ್ಪೇಸರಿನ ಒಳತೂತು 54.1 ಇರಬೇಕು, ಹೊರಮುಖದಲ್ಲಿ ವೀಲ್ ಹಿಡಿಯುವ ಉಬ್ಬು ಇರಬೇಕು, ಸ್ಟಡ್ ಉದ್ದನೆಯದು ಹಾಕಿಸಬೇಕು. ತನ್ನದೇ ಸ್ಟಡ್ ಇರುವ ಬೋಲ್ಟ್-ಆನ್ ನಮೂನೆಯಾದರೆ ಇನ್ನೊಂದು ಎಚ್ಚರ: ಕಾರಿನ ಸ್ಟಡ್ ಸ್ಪೇಸರಿಗಿಂತ ಉದ್ದವಿದ್ದರೆ ತುದಿ ಹೊರಗೆ ಇಣುಕುತ್ತದೆ. ಅಲಾಯ್‌ನ ಹಿಂದೆ ಆ ಜಾಗದಲ್ಲಿ ಗುಳಿ ಇಲ್ಲದಿದ್ದರೆ ವೀಲ್ ಸ್ಪೇಸರಿನ ಮೇಲಲ್ಲ, ಸ್ಟಡ್ ತುದಿಗಳ ಮೇಲೆ ಕೂರುತ್ತದೆ. ನಟ್ ಬಿಗಿದಿದೆ ಅನ್ನಿಸುತ್ತದೆ, ವೀಲ್ ಮಾತ್ರ ಅಲುಗಾಡುತ್ತಿರುತ್ತದೆ.

ನಿಮಗೆ ಸ್ಪೇಸರಿಗಿಂತ ಮುಖ್ಯವಾಗಿ ಬೇಕಾದ ಒಂದು ವಸ್ತುವನ್ನು ಯಾರೂ ಹೇಳಿಯೇ ಇಲ್ಲ. ಅದು ಸೆಂಟರ್ ರಿಂಗ್. ಅಲಾಯ್‌ನ ಮಧ್ಯದ ತೂತು 73.1, ಹಬ್ಬು 54.1. ವ್ಯಾಸದಲ್ಲಿ 19 ಮಿ.ಮೀ. ಖಾಲಿ. ಹಾಗೇ ಹಾಕಿದರೆ ವೀಲ್ ಕೂದಲೆಳೆಯಷ್ಟು ಓರೆಯಾಗಿ ಕೂತರೂ ಎಕ್ಸ್‌ಪ್ರೆಸ್‌ವೇಯಲ್ಲಿ 80 ದಾಟುತ್ತಿದ್ದ ಹಾಗೆ ಸ್ಟೀರಿಂಗ್ ನಡುಗಲು ಶುರು. ಬ್ಯಾಲೆನ್ಸಿಂಗ್ ಎಷ್ಟು ಸಲ ಮಾಡಿಸಿದರೂ ಹೋಗಲ್ಲ, ಯಾಕೆಂದರೆ ಬ್ಯಾಲೆನ್ಸಿಂಗ್ ಮಷಿನ್ ವೀಲನ್ನು ಅದರದೇ ನಡುತೂತಿನಿಂದ ಹಿಡಿಯುತ್ತದೆ, ಅಲ್ಲಿ ಎಲ್ಲ ಸರಿ ತೋರಿಸುತ್ತದೆ. 73.1ರಿಂದ 54.1ಕ್ಕೆ ಇಳಿಸುವ ನಾಲ್ಕು ರಿಂಗ್ ತಗೊಳ್ಳಿ. ಸಿಗದಿದ್ದರೆ ಭೋಸರಿ ಎಂಐಡಿಸಿಯಲ್ಲಿ ಲೇತ್ ಇಟ್ಟುಕೊಂಡವರಿಗೆ ಕೊರತೆಯೇ? ಅಲ್ಯೂಮಿನಿಯಂನಲ್ಲಿ ತಿರುಗಿಸಿಕೊಡುತ್ತಾರೆ. ಅಳತೆಯನ್ನು ವರ್ನಿಯರ್ ಹಿಡಿದು ನಿಮ್ಮ ಹಬ್ಬಿನಿಂದಲೇ ತೆಗೆದು ಕೊಡಿ.

ಪ್ಲಾಸ್ಟಿಕ್ ರಿಂಗೋ ಅಲ್ಯೂಮಿನಿಯಂ ರಿಂಗೋ ಅನ್ನುವ ವಾದ ಮುಗಿಯುವಂಥದ್ದಲ್ಲ. ರಿಂಗ್ ಭಾರ ಹೊರುವುದಿಲ್ಲ, ನಟ್ ಬಿಗಿಯುವಾಗ ವೀಲನ್ನು ನಟ್ಟನಡುವೆ ಹಿಡಿದಿಟ್ಟರೆ ಅದರ ಕೆಲಸ ಮುಗಿಯಿತು. ಖಂಡಾಲಾ ಘಾಟಿನ ಇಳಿತದಲ್ಲಿ ಬ್ರೇಕ್ ಕಾದಾಗ ಅಗ್ಗದ ಪ್ಲಾಸ್ಟಿಕ್ ಮೆತ್ತಗಾಗಬಹುದು. ಅಲ್ಯೂಮಿನಿಯಂಗೆ ಆ ಭಯ ಇಲ್ಲ, ಆದರೆ ಗೋವಾದ ಉಪ್ಪುಗಾಳಿಗೆ ಕಬ್ಬಿಣದ ಹಬ್ಬಿಗೆ ಕಚ್ಚಿಕೊಂಡುಬಿಡುತ್ತದೆ. ನಾನಾದರೆ ಅಲ್ಯೂಮಿನಿಯಂ ಹಾಕಿ, ಹಬ್ಬಿನ ನಡು ಉಬ್ಬಿಗೆ ಮಾತ್ರ ಲೋಹ ಕಚ್ಚಿಕೊಳ್ಳದಂತೆ ತಡೆಯುವ ಆ್ಯಂಟಿ-ಸೀಜ್ ಲೇಪವನ್ನು ತೆಳ್ಳಗೆ ಸವರುತ್ತೇನೆ. ಸ್ಟಡ್‌ಗೆ, ನಟ್‌ನ ಬುಡಕ್ಕೆ ಮಾತ್ರ ಎಣ್ಣೆ ಗ್ರೀಸ್ ಏನೂ ತಾಗಬಾರದು. ಎಣ್ಣೆ ಹಚ್ಚಿದ ಸ್ಟಡ್ ಅದೇ ಟಾರ್ಕ್‌ಗೆ (ತಿರುಗಿಸುವ ಬಲಕ್ಕೆ) ಬೇಕಾದ್ದಕ್ಕಿಂತ ಜಾಸ್ತಿ ಹಿಗ್ಗುತ್ತದೆ.

ಇನ್ನು ಅಲಾಯ್‌ಗಳ ಪರೀಕ್ಷೆ. ಹಳೆಯ ಸೆಟ್ ಹೊಸದರಂತೆ ಹೊಳೆಯುತ್ತಿದ್ದರೆ ನನಗೆ ಅನುಮಾನ ಜಾಸ್ತಿ. ಪೌಡರ್ ಕೋಟಿಂಗ್ ಕೆಳಗೆ ಬಿರುಕು, ವೆಲ್ಡಿಂಗ್ ಎಲ್ಲ ಮುಚ್ಚಿಹೋಗುತ್ತದೆ. ಟಯರ್ ಇಲ್ಲದೆ ಬ್ಯಾಲೆನ್ಸಿಂಗ್ ಮಷಿನ್ನಿಗೆ ಹಾಕಿ ತಿರುಗಿಸಿ ನೋಡಿ, ಅಂಚು ಮೇಲೆ ಕೆಳಗೆ ಕುಣಿಯುತ್ತಿದ್ದರೆ ಬೆಂಡ್. ಬಿರುಕು ಸಾಮಾನ್ಯವಾಗಿ ಒಳಬದಿಯ ಅಂಚಿನಲ್ಲಿ ಇರುತ್ತದೆ, ಟಾರ್ಚ್ ಬಿಟ್ಟು ಉಗುರಿನಲ್ಲಿ ಸವರಿ ನೋಡಿ. ಕೆಂಪು ಡೈ ಹಾಕಿ ಬಿರುಕು ತೋರಿಸುವ ಪರೀಕ್ಷೆ ಪುಣೆಯಂಥ ಕಾರ್ಖಾನೆಗಳ ಊರಿನಲ್ಲಿ ಕಷ್ಟವಲ್ಲ, ಆದರೆ ಬಣ್ಣ ತೆಗೆದ ಮೇಲೆಯೇ ಅದು ಉಪಯೋಗ. ಹಬ್ಬಿಗೆ ಒತ್ತುವ ಮುಖದ ಮೇಲೂ ನಟ್ ಕೂರುವ ಕೋನ್‌ಗಳ ಒಳಗೂ ಬಣ್ಣವಿದ್ದರೆ ಕೆರೆದು ಲೋಹ ಕಾಣುವ ಹಾಗೆ ಮಾಡಿಸಿ. ಬಣ್ಣದ ಪದರ ಬಿಗಿತಕ್ಕೆ ನಿಧಾನಕ್ಕೆ ಕುಗ್ಗುತ್ತದೆ, ಕುಗ್ಗಿದಷ್ಟೂ ನಟ್ ಸಡಿಲ. ಜೆಡಬ್ಲ್ಯುಎಲ್ ಅಂತ ಜಪಾನಿನ ಗುರುತು ಅಥವಾ ನಮ್ಮ ಐಎಸ್‌ಐ ಗುರುತು ಇದ್ದರೆ ಒಳ್ಳೆಯದು. ಏನೂ ಗುರುತಿಲ್ಲದ ವೀಲ್ ಆದರೆ ಎರಡು ಸಲ ಯೋಚಿಸಿ. ಹಾಗೇ ಒಂದನ್ನು ತಕ್ಕಡಿಗೆ ಹಾಕಿ ತೂಗಿ. ಈ ಕಾರಿನ ಒರಿಜಿನಲ್ ಅಲಾಯ್ ಸುಮಾರು ಐದೂವರೆ ಕಿಲೋ, ಬಹಳ ಹಗುರ. ನೀವು ತಂದದ್ದು ಎಂಟು ದಾಟಿದರೆ ಗಾಡಿಯ ಚುರುಕು ಕಡಿಮೆಯಾದದ್ದು ಮೊದಲ ದಿನವೇ ಗೊತ್ತಾಗುತ್ತದೆ.

ಟಯರಿಗೆ ಬರೋಣ. ಒರಿಜಿನಲ್ 185/60 ಆರ್14, ಅಂದರೆ 185 ಮಿ.ಮೀ. ಅಗಲ, ಬದಿಯ ಎತ್ತರ ಅದರ ಶೇಕಡಾ 60, ರಿಮ್ 14 ಇಂಚು. ಟಯರಿನ ಒಟ್ಟು ಎತ್ತರ 578 ಮಿ.ಮೀ. ಹೊಸದೂ ಇದರ ಹತ್ತಿರವೇ ಇರಬೇಕು. 195/50 ಆರ್15 ಆದರೆ 576, ಅಂದರೆ ಬಹುತೇಕ ಅದೇ. ಭಾರ ಹೊರುವ ಸೂಚ್ಯಂಕವೂ ಎರಡಕ್ಕೂ ಸಾಮಾನ್ಯವಾಗಿ 82, ಒಂದು ಟಯರಿಗೆ 475 ಕಿಲೋ. 205/50 ಆರ್15 ಆದರೆ 586, ಅದೂ ನಡೆಯುತ್ತದೆ. ನಿಮ್ಮ ಅಂಗಡಿಯವನ 195/55 ಆದರೆ 595, ಮೂರು ಪರ್ಸೆಂಟ್ ಜಾಸ್ತಿ. 185/65 ಆದರೆ 621, ಏಳೂವರೆ ಪರ್ಸೆಂಟ್ ಜಾಸ್ತಿ: ಸ್ಪೀಡೋಮೀಟರ್ 100 ತೋರಿಸುವಾಗ ಮೊದಲಿಗಿಂತ ಏಳೂವರೆ ಜೋರಾಗಿ ಓಡುತ್ತಿರುತ್ತೀರಿ, ಗೇರ್ ಎಲ್ಲ ಉದ್ದವಾಗಿ ಎಂಜಿನ್ ಎಳೆಯಲಾರದು. ಮೇಲಾಗಿ 185/65 ಟಯರಿಗೆ ಆರೂವರೆ ಇಂಚಿನವರೆಗಿನ ರಿಮ್ ಮಾತ್ರ ಸರಿ, ನಿಮ್ಮದು ಏಳು. ಅವನು ಅದನ್ನು ಹೇಳಲು ಕಾರಣ ಅದು ಹೊಸ ಸ್ವಿಫ್ಟ್‌ನ ಅಳತೆ, ಅಂಗಡಿಯಲ್ಲಿ ರಾಶಿ ಬಿದ್ದಿರುತ್ತದೆ. 195/50 ಸುಲಭಕ್ಕೆ ಸಿಗಲ್ಲ, ಆರ್ಡರ್ ಕೊಟ್ಟು ಕಾಯಬೇಕಾಗಬಹುದು. ಕಾಯಿರಿ. ತೀರಾ ಸಿಗದಿದ್ದರೆ 195/55 ಹಾಕಿ, ಅದೂ ಸ್ಪೇಸರ್ ಇಲ್ಲದೆ. ಬಂದ ಟಯರಿನ ಬದಿಯಲ್ಲಿ ನಾಲ್ಕಂಕಿಯ ತಾರೀಕು ನೋಡಿ, 2319 ಅಂದರೆ 2019ರ 23ನೇ ವಾರ. ಅಪರೂಪದ ಅಳತೆ ಗೋದಾಮಿನಲ್ಲಿ ವರ್ಷಗಟ್ಟಲೆ ಮಲಗಿರುತ್ತದೆ.

ಹಾಕುವ ದಿನ ಹಬ್ಬಿನ ಮುಖದ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿಸಿ. ರಿಂಗ್, ವೀಲ್, ಆಮೇಲೆ ನಟ್‌ಗಳನ್ನು ಕೈಯಲ್ಲೇ ಕೂರಿಸಿ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಗಾಡಿ ನೆಲಕ್ಕಿಳಿಸಿ ಟಾರ್ಕ್ ರೆಂಚಿನಲ್ಲಿ ಕೊನೆಯ ಬಿಗಿತ. ಮಾಜ್ದಾ ಹೇಳುವುದು 88ರಿಂದ 118 ನ್ಯೂಟನ್ ಮೀಟರ್, ನೀವು 100ಕ್ಕೆ ಇಟ್ಟುಕೊಳ್ಳಿ. ಗನ್ ಹಿಡಿದು ಬಂದವನನ್ನು ಚಹಾ ಕುಡಿಯಲು ಕಳಿಸಿ. ಸ್ಟೀರಿಂಗನ್ನು ಎರಡೂ ಕಡೆ ಕೊನೆತನಕ ತಿರುಗಿಸಿ ಒಳಗೆಲ್ಲಾದರೂ ತಾಗುತ್ತದೆಯಾ ನೋಡಿ. ಮಡ್‌ಗಾರ್ಡಿನ ಒಳಗೆ ಮಕ್ಕಳ ಆಟದ ಜೇಡಿ ಅಂಟಿಸಿ ಕಾತ್ರಜ್ ಘಾಟಿನಲ್ಲಿ ಇಬ್ಬರು ಕೂತು ಒಂದು ಸುತ್ತು ಹೋಗಿಬನ್ನಿ, ಟಯರ್ ಮುಟ್ಟಿದ್ದರೆ ಜೇಡಿಯಲ್ಲಿ ಗೆರೆ ಬಿದ್ದಿರುತ್ತದೆ. 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೆ ಟಾರ್ಕ್ ಹಿಡಿದು ನೋಡಿ. ಅಲೈನ್‌ಮೆಂಟ್ ಕೂಡ ಆಗಲೇ ಮಾಡಿಸಿ.

ಕಾನೂನಿನ ಮಾತು ಒಂದೆರಡು ಸಾಲಿನಲ್ಲಿ. ಕಂಪನಿ ಕೊಟ್ಟ ಮೂಲ ವಿವರಗಳನ್ನು ಮೀರಿ ಗಾಡಿ ಬದಲಾಯಿಸುವಂತಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮೇಲೆ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪು ಕೊಟ್ಟಿದೆ. ಬಾಡಿಯೊಳಗೇ ನಿಂತ ವೀಲಿಗಿಂತ ಹೊರಗೆ ಚಾಚಿದ ವೀಲ್ ಎಲ್ಲರ ಕಣ್ಣಿಗೂ ಬೀಳುತ್ತದೆ. ವಿಮೆ ಕಂಪನಿಗೆ ಅಲಾಯ್ ಬದಲಾಯಿಸಿದ್ದನ್ನು ಬರೆದು ತಿಳಿಸಿ, ಪಾಲಿಸಿಯಲ್ಲಿ ಸೇರಿಸಿಕೊಂಡ ಕಾಗದ ತೆಗೆದಿಟ್ಟುಕೊಳ್ಳಿ.

ಒರಿಜಿನಲ್ ನಾಲ್ಕು ವೀಲ್‌ಗಳನ್ನು ಗುಜರಿಗೆ ಹಾಕಬೇಡಿ, ಇಂಥ ಕಾರಿಗೆ ಅವು ಮತ್ತೆ ಸಿಗಲ್ಲ. ಸಣ್ಣ ಬೆಂಡ್ ಆದರೆ ಸರಿಮಾಡುವವರಿದ್ದಾರೆ. ಹಳೆಯ ನಟ್‌ಗಳಲ್ಲೂ ನಾಲ್ಕನ್ನು ಡಿಕ್ಕಿಯಲ್ಲೇ ಇಡಿ, ಅಲ್ಲಿರುವ ಸಣ್ಣ ಸ್ಟೆಪ್ನಿಗೆ ಅವೇ ಬೇಕು. ಮಾಜ್ದಾದ ನಟ್‌ಗೆ 21ರ ಪಾನಾ, ಹೊಸ ನಟ್‌ಗಳಿಗೆ 17 ಅಥವಾ 19 ಇರಬಹುದು. ಎರಡೂ ಪಾನಾ ಜೊತೆಗಿರಲಿ, ಇಲ್ಲದಿದ್ದರೆ ಚೋರ್ಲಾ ಘಾಟಿನಲ್ಲಿ ಪಂಕ್ಚರ್ ಆದಾಗ ನಟ್ ಬಿಚ್ಚಲು ಬೇರೆ ಗಾಡಿಗೆ ಕೈ ಅಡ್ಡ ಹಾಕಬೇಕಾಗುತ್ತದೆ.